ಸೀರೆ ಅಂಗಡಿಯ ಚಂದ್ರ

ಸೀರೆ ಅಂಗಡಿಯ ಯಜಮಾನ ಗುರುಬಸಪ್ಪನವರ ಭಾಷಣದ ವಿಡಿಯೋ ಬಾಗಿಲಿನ ದೊಡ್ಡ ಪರದೆಯನ್ನೆಲ್ಲ ತುಂಬಿತ್ತು. ಅದನ್ನು ಕಂಡ ಗಿರಾಕಿಗಳು ಎದುರಂಗಡಿಗೆ ನಡೆದರು.

"ಆ ವಿಡಿಯೋ ತೆಗೆದರೆ ನಿನ್ನ ಕೆಲಸವೂ ಹೋಯಿತು ಕಣಮ್ಮ!" ಎಂದು ಯಜಮಾನರು ಗದರಿದರು.

ಪರದೆ ನೋಡಿಕೊಳ್ಳುವ ವನಮಾಲಾ, "ತೆಗೆಯೋದಿಲ್ಲ ಸರ್," ಎಂದಳು.

ಹುಣ್ಣಿಮೆಯ ಸಂಜೆ ಪರದೆಯ ತುಂಬ ನೀಲಿ ರೇಷ್ಮೆಯ ಆಕಾಶ, ಜರಿಯ ನಕ್ಷತ್ರಗಳು. ನಡುವೆ ಚಂದ್ರ ಮೆಲ್ಲನೆ ತೇಲುತ್ತಿದ್ದ. ಚಂದ್ರನೊಳಗೆ ಗುರುಬಸಪ್ಪನವರು ಸದ್ದಿಲ್ಲದೆ ಭಾಷಣ ಮಾಡುತ್ತಿದ್ದರು. ಬೀದಿಯ ಜನ ಮೈಮರೆತು ನಿಂತರು.

"ನನ್ನನ್ನು ಇಷ್ಟು ಚಿಕ್ಕದು ಮಾಡಿದ್ದೀಯಾ?"

"ಚಂದ್ರ ದೂರ ಇದ್ದರೇ ಅಲ್ಲವೇ ಸರ್, ಜನ ಕತ್ತೆತ್ತಿ ನೋಡೋದು?"

ಯಜಮಾನರು ತಾವೂ ಕತ್ತೆತ್ತಿದರು. ಕೋಪ ಕರಗಿತು. "ದಿನಾ ಹೀಗೇ ಇರಲಿ."

"ದಿನಾ ಹೇಗೆ ಸರ್? ನಾಳೆಯಿಂದ ತುಸು ತುಸುವೇ ಸವೆಯುತ್ತೀರಿ. ಅಮಾವಾಸ್ಯೆಗೆ ಪೂರ್ತಿ ರಜ."

ಯಜಮಾನರ ಕಣ್ಣು ಚಂದ್ರನನ್ನು ಬಿಡಲಿಲ್ಲ. "ಆಗಲಿ, ಮುಂದಿನ ಹುಣ್ಣಿಮೆಗೆ ಮಾತ್ರ ಮರೀಬೇಡಮ್ಮ."