ಹೊಳೆಗಲ್ಲಿಗೆ ಕಣ್ಣೇಕಿಲ್ಲ

ಭೂಮಿಯ ಮೈ ಇನ್ನೂ ಹಸಿಯಾಗಿದ್ದಾಗ, ಗಾಳಿಗೂ ನೀರಿಗೂ ಬಾಯಿ ಇದ್ದ ಕಾಲದಲ್ಲಿ, ಹೊಳೆದಂಡೆಯ ಗವಿಯಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಅವಳ ಒಬ್ಬಳೇ ಮಗಳು ಹೂವಿ ಜ್ವರ ಬಂದು ತೀರಿಕೊಂಡಿದ್ದಳು. ಸತ್ತ ಕೂಸುಗಳನ್ನು ಹೊಳೆಗೆ ಒಪ್ಪಿಸುವುದು ಆ ಕಾಲದವರ ಪದ್ಧತಿ. ಕೆಂಚವ್ವನೂ ಒಪ್ಪಿಸಿದಳು.

ವರುಷಗಳು ಉರುಳಿದವು. ಅತ್ತೂ ಅತ್ತೂ ಕಣ್ಣೀರು ಬತ್ತಿತು. ಅದಾದರೂ ಇರಲಿ, ಮಗಳ ಮುಖವೇ ಮರೆತುಹೋಗತೊಡಗಿತು! ಅಯ್ಯೋ, ಹೆತ್ತವಳಿಗೆ ಇದಕ್ಕಿಂತ ಸಂಕಟ ಬೇರೆ ಬೇಕೇ?

ಪೂರ್ತಿ ಮರೆಯುವ ಮುಂಚೆ ಆ ಮುಖವನ್ನು ಕಲ್ಲಿನಲ್ಲಿ ಕೆತ್ತಿಡೋಣವೆಂದು ಗುಡ್ಡದಿಂದ ಕಲ್ಲು ಹೊತ್ತು ತಂದಳು. ಮೂಗು ಬರುವಷ್ಟರಲ್ಲಿ ಗಲ್ಲ ಒಡೆಯಿತು. ಇನ್ನೊಂದು ತಂದಳು. ಅದೂ ಒಡೆಯಿತು. ತಂದಳು, ಕೆತ್ತಿದಳು, ಒಡೆಯಿತು. ಕಡೆಗೆ ಸೋತು ಸುಣ್ಣವಾಗಿ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಳು.

"ಹೊಳೆವ್ವಾ, ನನ್ನ ಕೈಲಿ ಆಗಲ್ಲ. ನನ್ನ ಕೂಸು ನಿನ್ನ ಮಡಿಲಲ್ಲೇ ಮಲಗಿದ್ದಲ್ಲವೇ? ಅದರ ಮುಖ ನೀನೇ ಮಾಡಿಕೊಡೇ."

"ನನಗೂ ಸಾಕಾಗಿದೆ ಕಣೇ," ಎಂದಳು ಹೊಳೆ. "ಹರಿದೂ ಹರಿದೂ ಸೊಂಟ ಬಿದ್ದುಹೋಗಿದೆ. ಒಂದು ಗಳಿಗೆ ಕೂತು ಸುಧಾರಿಸಿಕೊಳ್ಳೋಣ ಅಂದರೆ ಆ ಭಾಗ್ಯವೂ ಇಲ್ಲ."

ಗಾಳಿ ನಡುವೆ ಬಾಯಿ ಹಾಕಿತು: "ಹೋಗ್ತಾ ಹೋಗ್ತಾ ಒಂದಿಷ್ಟು ಕೈಯಾಡಿಸೇ. ನಿನ್ನ ಗಂಟೇನು ಹೋಗುತ್ತೆ?"

ಸರಿ, ಹೊಳೆ ಒಂದು ಕಲ್ಲನ್ನು ಉಜ್ಜಿದಳು. ಮಳೆಗಾಲವೆಲ್ಲ ಉಜ್ಜಿದಳು, ಬೇಸಿಗೆಯೆಲ್ಲ ಉಜ್ಜಿದಳು. ಒಂದು ದಿನ ಅದನ್ನು ಕೆಂಚವ್ವನ ಕಾಲ ಬಳಿ ತಂದಿಟ್ಟಳು. ಅದೇ ಉಬ್ಬು ಗಲ್ಲ! ಅದೇ ಮೊಂಡು ಮೂಗು! ಆದರೆ ಕಣ್ಣಿನ ಜಾಗ ನುಣ್ಣಗಿತ್ತು.

"ಕಣ್ಣೆಲ್ಲೇ?" ಕೆಂಚವ್ವ ಸಿಟ್ಟಿಗೆದ್ದಳು. "ಅರ್ಧ ಕೆಲಸ ಮಾಡಿ ಕೈ ತೊಳೆದುಕೊಂಡೆಯಾ?"

ಹೊಳೆ ಮೆಲ್ಲಗೆ ಹೇಳಿದಳು: "ನೀನು ನನಗೆ ಒಪ್ಪಿಸಿದಾಗ ಕೂಸು ಕಣ್ಣು ಮುಚ್ಚಿತ್ತು. ಅದು ಕಣ್ಣು ಬಿಟ್ಟಿದ್ದನ್ನು ನಾನು ನೋಡೇ ಇಲ್ಲ ಕಣವ್ವಾ. ನೋಡಿದವಳು ನೀನು."

ಕೆಂಚವ್ವನ ಸಿಟ್ಟು ಇಳಿಯಿತು. ಬೆಳಿಗ್ಗೆ ಎಬ್ಬಿಸಿದರೆ ಹೂವಿ ಮೊದಲು ಒಂದೇ ಕಣ್ಣು ತೆರೆದು, ಅವ್ವ ಇದ್ದಾಳೋ ಇಲ್ಲವೋ ಅಂತ ನೋಡುತ್ತಿದ್ದದ್ದು ನೆನಪಾಯಿತು. ಚೂಪುಗಲ್ಲಿನಿಂದ ಎರಡು ಗೀರು ಎಳೆದಳು, ಒಂದು ದೊಡ್ಡದು, ಒಂದು ಚಿಕ್ಕದು. ಅಷ್ಟೇ. ಹೂವಿ ಅವಳನ್ನು ನೋಡಿದಳು. ದಣಿದ ತಾಯಿ ಆ ಕಲ್ಲನ್ನು ಎದೆಗವಚಿಕೊಂಡು, ಎಷ್ಟೋ ವರುಷಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಹೊಳೆಗೆ ಇವತ್ತಿಗೂ ದಣಿವಾರಿಲ್ಲ, ಉಜ್ಜುವುದನ್ನೂ ಬಿಟ್ಟಿಲ್ಲ. ಅದಕ್ಕೇ ಮಗಾ, ದಂಡೆಯಲ್ಲಿ ನೀನು ಆರಿಸುವ ಕಲ್ಲುಗಳಲ್ಲಿ ಒಂದಕ್ಕೆ ಗಲ್ಲ ಇದ್ದಂತೆ, ಒಂದಕ್ಕೆ ಮೂಗು ಇದ್ದಂತೆ ಕಾಣುತ್ತದೆ. ಕಣ್ಣು ಮಾತ್ರ ಯಾವುದಕ್ಕೂ ಇರುವುದಿಲ್ಲ.