ಬಾಳೆಲೆಯ ಮರೆಯ ಗಿಡ

ಎರಡೂ ಕಣ್ಣು ಹೋದ ಆಮೆಯಜ್ಜನ ಊಟಕ್ಕೊಂದು ದಾರಿಯಾಗಲೆಂದು ಕೆರೆಯಂಚಿನ ಪ್ರಾಣಿಗಳೆಲ್ಲ ಸೇರಿ ತಾವು ಬೆಳೆಸಿದ ತೋಟವನ್ನು ನೋಡುವವರಿಗೆ ತೆರೆದವು. ಬಂದವರು ಬಾಗಿಲಲ್ಲಿ ಒಂದು ಹಣ್ಣು ಇಟ್ಟು ಒಳಗೆ ಬರಬೇಕು. ತೋಟ ತೋರಿಸುವ ಹೊಣೆ ಓತಿಕ್ಯಾತನದು.

ಬೆಳಗ್ಗೆಯೇ ಅವನು ಮುಟ್ಟಿದರೆ ಮುನಿ ಗಿಡದ ಮುಂದೆ ನಿಂತು ತಲೆಯಾಡಿಸಿದ. "ದಾಸವಾಳ ಹೇಗೆ ಅರಳಿ ನಿಂತಿದೆ ನೋಡು. ನೀನೋ, ಯಾರಾದರೂ ಮುಟ್ಟಿದರೆ ಮುದುಡಿಕೊಳ್ಳುತ್ತೀಯ. ಬಂದವರೆದುರು ನಮ್ಮ ಮರ್ಯಾದೆ ತೆಗೆಯಬೇಡ" ಎಂದು ಅದರ ಮೇಲೊಂದು ಒಣ ಬಾಳೆಲೆ ಎಳೆದ.

ಜನವೋ ಜನ. ಎಲ್ಲರೂ ಬಣ್ಣ ನೋಡಿ ಹೊಗಳಿ ಹೋದರು. ಮಧ್ಯಾಹ್ನ ಆಮೆಯಜ್ಜ, "ನನಗಾಗಿ ಇಷ್ಟೆಲ್ಲ ಮಾಡಿದ್ದೀರಿ, ನಾನೂ ಒಂದು ಸುತ್ತು ಬರುತ್ತೇನೆ" ಎಂದ. ಓತಿಕ್ಯಾತ ಒಂದೊಂದು ಹೂವನ್ನೂ ವರ್ಣಿಸಿದ. ಅಜ್ಜ ಸುಮ್ಮನೆ ಹೂಂಗುಟ್ಟುತ್ತ ನಡೆದ. ಬೇಲಿಯ ಬಳಿ ಅವನ ಮೂತಿ ಬಾಳೆಲೆಯನ್ನು ಸರಿಸಿ ಗಿಡಕ್ಕೆ ತಾಗಿತು. ಎಲೆಗಳು ಒಂದರ ಹಿಂದೊಂದು ಮಡಚಿಕೊಂಡವು.

ಅಜ್ಜ ನಿಂತಲ್ಲೇ ನಿಂತುಬಿಟ್ಟ. "ಯಾರದು? ನಾನು ಮುಟ್ಟಿದ್ದು ನಿನಗೆ ಗೊತ್ತಾಯಿತೇ?"

"ತಪ್ಪಾಯಿತು ಅಜ್ಜ" ಎಂದಿತು ಗಿಡ.

"ತಪ್ಪೇ? ಇಡೀ ತೋಟದಲ್ಲಿ ನನಗೆ ಕಂಡದ್ದು ನೀನು ಮಾತ್ರ."

ಓತಿಕ್ಯಾತನ ತಲೆಯಾಟ ನಿಂತಿತು. ಗಿಡ ಮತ್ತೆ ಎಲೆ ಬಿಚ್ಚುವವರೆಗೂ ಅವನು ಕಾದ. ಆಮೇಲೆ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಕೈ ಚಾಚಿದ.