ಸಾಹುಕಾರರ ನಿದ್ದೆ

ನದಿ ದಡದ ಆಶ್ರಮದಲ್ಲಿ ಪರ್ವತಯ್ಯ ಎಂಬ ಗುರುಗಳಿದ್ದರು. ಅವರಲ್ಲಿ ಕಲಿತವರು ಬೇರೆ ಬೇರೆ ಊರುಗಳಲ್ಲಿ ನೆಲೆಸಿ, ನೆಮ್ಮದಿ ಕೆಟ್ಟು ಬಂದವರಿಗೆ ದಾರಿ ಹೇಳುತ್ತಿದ್ದರು. ಯಾರಿಗೆ ಏನು ಹೇಳಿದೆ ಎಂಬುದನ್ನು ವರ್ಷಕ್ಕೊಮ್ಮೆ ಬಂದು ಗುರುಗಳ ಮುಂದೆ ಒಪ್ಪಿಸಬೇಕು. ಅದು ಅಲ್ಲಿನ ಕಟ್ಟಳೆ.

ಆ ವರ್ಷ ಶಂಭುಲಿಂಗ ಎಂಬ ಶಿಷ್ಯ ನಗುಮುಖದಿಂದ ಬಂದ.

“ಸುಣ್ಣದ ಭಟ್ಟಿಯ ಸಾಹುಕಾರ ನಾಗೋಜಿ ಈಗ ಪೂರ್ತಿ ಚೇತರಿಸಿಕೊಂಡಿದ್ದಾರೆ, ಗುರುಗಳೇ. ದಿಂಬಿಗೆ ತಲೆಯಿಟ್ಟರೆ ಸಾಕು, ನಿದ್ದೆ.”

“ಮೊದಲು ಯಾಕೆ ಬರುತ್ತಿರಲಿಲ್ಲ?”

“ಭಟ್ಟಿಯ ಸೌದೆಗೆಂದು ಒಂದು ಬೆಟ್ಟದ ಕಾಡು ಕಡಿಸಿದ್ದರು. ಕೆಳಗಿನ ಹಳ್ಳಿಯ ಹಳ್ಳ ಬತ್ತಿತು. ಅದೇ ಅವರನ್ನು ಕೊರೆಯುತ್ತಿತ್ತು. ಉಸಿರಿನ ಮೇಲೆ ಗಮನ ಇಡುವುದನ್ನು ಕಲಿಸಿದೆ. ಆದದ್ದನ್ನು ಮರೆತುಬಿಡಿ ಎಂದೆ.”

“ಬೆಟ್ಟದ ಬಗ್ಗೆ ಏನು ಹೇಳಿದೆ?”

“ಅವರು ಕೇಳಿದ್ದು ನಿದ್ದೆಯನ್ನು. ಬಂದವರ ಮೇಲೆ ನಮ್ಮ ಇಷ್ಟ ಹೇರಬಾರದು ಎಂದು ಕಲಿಸಿದವರು ನೀವೇ.”

ಗುರುಗಳು ಎದ್ದು ಮೆಟ್ಟು ಹಾಕಿಕೊಂಡರು.

“ಆ ಹಳ್ಳಿ ತೋರಿಸು.”

ಇಬ್ಬರೂ ಹಳ್ಳಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಬೆಟ್ಟ ಬೋಳಾಗಿತ್ತು. ಅದರ ಪಕ್ಕದ ಬೆಟ್ಟದಲ್ಲೂ ಬರೀ ಬೊಡ್ಡೆಗಳು. ಅದು ಶಂಭುಲಿಂಗನಿಗೆ ಗೊತ್ತಿರಲಿಲ್ಲ.

ಒಣಗಿದ ಹಳ್ಳದಲ್ಲಿ ತಿಪ್ಪವ್ವ ಎಂಬ ಹೆಂಗಸು ಮರಳು ಬಗೆದು, ಒಸರುವ ನೀರನ್ನು ತೆಂಗಿನ ಚಿಪ್ಪಿನಿಂದ ಕೊಡಕ್ಕೆ ತುಂಬುತ್ತಿದ್ದಳು.

“ನೀರು ಬೇಕೇನ್ರಿ, ಅಜ್ಜಾರ?”

“ಆಮೇಲೆ ಕುಡಿಯುತ್ತೇವೆ, ತಾಯಿ. ಇವನು ನನ್ನ ಶಿಷ್ಯ. ನಾಗೋಜಿ ಸಾಹುಕಾರರಿಗೆ ದಾರಿ ಹೇಳುವವನು.”

ಅವಳ ಕೈ ನಿಂತಿತು.

“ಅವರಿಗೆ ನಿದ್ದಿ ಬರೂಹಂಗ ಮಾಡಿದವ್ರು ನೀವೇನ್ರೀ?”

ಶಂಭುಲಿಂಗ ಹೌದೆಂದು ತಲೆಯಾಡಿಸಿದ.

“ನಿದ್ದಿ ಇಲ್ಲದಾಗ ಸಾವ್ಕಾರ್ರು ಇಲ್ಲೇ ಬಂದು ಕುಂತಿದ್ರು. ‘ತಪ್ಪಾತವ್ವಾ, ಇನ್ನ ಕೊಡ್ಲಿ ಹಚ್ಚಂಗಿಲ್ಲ, ಸಸಿ ನೆಡಸ್ತೀನಿ’ ಅಂದ್ರು. ಕಡಿಯೋದು ನಿಲ್ಸಿದ್ರು ಸೈತ. ನಿಮ್ಮ ಹಂತ್ಯಾಕ ಬಂದು ಹೋದ ಮ್ಯಾಲ ಈ ಕಡೆ ಹಾಯಲಿಲ್ಲ. ಆ ಗುಡ್ಡಾನೂ ಕಡಿಸಿಬಿಟ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಪ್ಪಿನಲ್ಲಿ ನೀರು ತುಂಬಿ ಅವನ ಮುಂದೆ ಹಿಡಿದಳು.

ಶಂಭುಲಿಂಗನಿಗೆ ಕೈ ಚಾಚಲಾಗಲಿಲ್ಲ. ನಿಂತ ನೆಲವೇ ಬಾಯಿಬಿಡಬಾರದೇ ಅನಿಸಿತು.

ಗುರುಗಳು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮರಳು ಬಗೆಯತೊಡಗಿದರು. ತಲೆ ಎತ್ತದೆ ಹೇಳಿದರು:

“ಹೋದ ವರ್ಷವೂ ನೀನು ಸಾಹುಕಾರರ ಸುದ್ದಿ ಹೇಳಿದ್ದೆ. ಮನಸ್ಸು ಹಗುರಾಗುತ್ತಿದೆ ಎಂದಿದ್ದೆ. ನಾನು ಭೇಷ್ ಎಂದೆ. ಭಾರ ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಈ ತಾಯಿಯ ಮುಖ ನೋಡಲು ನನಗೂ ಆಗುತ್ತಿಲ್ಲ.”

ಆ ಮಾತು ಶಿಷ್ಯನನ್ನು ಇನ್ನಷ್ಟು ಕುಗ್ಗಿಸಿತು. ಅವನೂ ಮರಳಿಗೆ ಕೈ ಹಾಕಿದ. ಕೊಡ ತುಂಬುವವರೆಗೆ ಮೂವರೂ ಬಗೆದರು.

ತಿಪ್ಪವ್ವ ಕೊಡ ಹೊತ್ತು ಹೋದಳು. ಶಂಭುಲಿಂಗ ಗುರುಗಳ ಕಾಲು ಹಿಡಿದ.

“ನನಗೆ ದಾರಿ ಹೇಳುವ ಯೋಗ್ಯತೆ ಇಲ್ಲ, ಗುರುಗಳೇ. ಇನ್ನು ಯಾರಿಗೂ ಏನೂ ಹೇಳುವುದಿಲ್ಲ. ಆಶ್ರಮದ ಒಂದು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತೇನೆ.”

ಗುರುಗಳು ಅವನ ರಟ್ಟೆ ಹಿಡಿದು ಎಬ್ಬಿಸಿದರು.

“ನೀನು ಬಾಯಿ ಮುಚ್ಚಿಕೊಂಡಿದ್ದಾಗಲೇ ಆ ಎರಡನೇ ಬೆಟ್ಟ ಹೋದದ್ದು. ನಡೆ, ಸಾಹುಕಾರರ ಮನೆಗೆ. ನಾನೂ ಬರುತ್ತೇನೆ.”